9ನೇ ತರಗತಿ ಮಕ್ಕಳಿಂದ ಕೆರೆಯ ಬದಲಾವಣೆ ಅಳೆಸುವುದು ಹೇಗೆ? ಜಿಐಎಸ್ (ನಕ್ಷೆಯ ಮೇಲೆ ಅಳತೆ, ಲೆಕ್ಕ ಮಾಡುವ) ತಂತ್ರಾಂಶ ಬೇಕೇ ಬೇಕಾ?

ಬೇಡ. ಶಾಲೆಯ ಲ್ಯಾಬಿನಲ್ಲಿ 10 ಕಂಪ್ಯೂಟರ್ ಇದ್ದರೆ ಧಾರಾಳವಾಯಿತು. ನೆಲವನ್ನು ಮೇಲಿನಿಂದ ತೆಗೆದ ಚಿತ್ರಗಳಲ್ಲಿ ತೋರಿಸುವ, ಉಚಿತವಾಗಿ ಸಿಗುವ ಗೂಗಲ್ ಅರ್ಥ್ ಪ್ರೊ, ಜೊತೆಗೆ ಯಾವುದಾದರೂ ಒಂದು ಸ್ಪ್ರೆಡ್‌ಶೀಟ್ ಸಾಕು. ಆದರೆ ಮೊದಲ ದಿನವೇ ಕೆರೆ ಅಳೆಸಬೇಡಿ. ಮೊದಲು ಉತ್ತರ ಗೊತ್ತಿರುವ ವಸ್ತುವನ್ನು ಅಳೆಸಿ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಓಟದ ಟ್ರ್ಯಾಕ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಳಗಿನ ಲೇನ್ 400 ಮೀಟರ್. ಗೂಗಲ್ ಅರ್ಥ್‌ನ ಅಳತೆ ಸಾಧನವಾದ ರೂಲರ್‌ನಲ್ಲಿ ‘ಪಾತ್’ ಆರಿಸಿ, ಒಳ ಅಂಚಿನ ಗುಂಟ ಕ್ಲಿಕ್ ಮಾಡುತ್ತಾ ಒಂದು ಸುತ್ತು ಬರಲಿ. ಪ್ರತಿ ತಿರುವನ್ನು ಎರಡೇ ಗೆರೆಯಲ್ಲಿ ಮುಗಿಸಿದ ಮಗುವಿಗೆ 400ಕ್ಕಿಂತ 20 ಮೀಟರ್‌ಗೂ ಮಿಕ್ಕಿ ಕಡಿಮೆ ಬರುತ್ತದೆ, ಏಕೆಂದರೆ ನೇರ ಗೆರೆ ತಿರುವನ್ನು ಕತ್ತರಿಸಿಕೊಂಡು ಹೋಗುತ್ತದೆ. ತಿರುವಿಗೆ ಹತ್ತು ಕ್ಲಿಕ್ ಹಾಕಿದವರು 400ರ ಆಸುಪಾಸಿಗೆ ಬರುತ್ತಾರೆ. ಕೆರೆಯ ಅಂಚು ಟ್ರ್ಯಾಕಿಗಿಂತ ಎಷ್ಟೋ ಅಂಕುಡೊಂಕು. ಈ ಪಾಠ ಆಗದೆ ಮುಂದೆ ಹೋದರೆ, ಕ್ಲಿಕ್ಕಿನ ವ್ಯತ್ಯಾಸವನ್ನೇ ಮಕ್ಕಳು ಒತ್ತುವರಿ ಎಂದು ಬರೆಯುತ್ತಾರೆ.

ನಂತರ ಕೆರೆ. ಗಡಿಯಾರದ ಚಿಹ್ನೆ ಒತ್ತಿ ಹಳೆಯ ಚಿತ್ರಗಳಿಗೆ ಹೋಗಿ, ‘ಪಾಲಿಗಾನ್’ನಿಂದ ನೀರಿನ ಅಂಚು ಎಳೆಸಿ. ಒಂದೇ ಚಿತ್ರವನ್ನು ಮೂವರು, ಒಬ್ಬರದನ್ನೊಬ್ಬರು ನೋಡದೆ ಎಳೆಯಬೇಕು. ಉದಾಹರಣೆಗೆ 151, 158, 149 ಎಕರೆ ಬಂತು ಎನ್ನಿ: ಸರಾಸರಿ 152.7, ಅಂತರ 9. ಇನ್ನೊಂದು ವರ್ಷದ ಸರಾಸರಿ 147 ಬಂದರೆ ವ್ಯತ್ಯಾಸ ಆರು ಎಕರೆ ಮಾತ್ರ. ಕೈಯ ವ್ಯತ್ಯಾಸವೇ ಒಂಬತ್ತು ಇರುವಾಗ ಕೆರೆ ಕುಗ್ಗಿದೆ ಎನ್ನಲು ಬರುವುದಿಲ್ಲ. ಇಡೀ ಯೋಜನೆಯಲ್ಲಿ ಮಕ್ಕಳು ಇದೊಂದನ್ನು ಕಲಿತರೂ ನನಗೆ ಸಮಾಧಾನ.

ಚಿತ್ರಗಳ ಆಯ್ಕೆಯಲ್ಲಿ ಬಿಗಿಯಾಗಿರಿ. ಪ್ರತಿ ವರ್ಷವೂ ಒಂದೇ ತಿಂಗಳ ಚಿತ್ರ ತೆಗೆದುಕೊಳ್ಳಿ. ಬೆಂಗಳೂರಿಗೆ ಫೆಬ್ರವರಿ ಒಳ್ಳೆಯದು, ಮೋಡ ಕಡಿಮೆ. ಅಕ್ಟೋಬರಿನ ತುಂಬಿದ ಕೆರೆಗೆ ಏಪ್ರಿಲ್‌ನ ಬತ್ತಿದ ಕೆರೆ ಹೋಲಿಸಿದರೆ ಕಾಣುವುದು ಋತು, ವರ್ಷಗಳ ಬದಲಾವಣೆಯಲ್ಲ. ಜೊಂಡು, ಅಂತರಗಂಗೆ ಹಬ್ಬಿದ ಕಡೆ ನೀರಿದ್ದರೂ ಮೇಲಿನಿಂದ ಹುಲ್ಲುಗಾವಲಿನಂತೆ ಹಸಿರು. ಬೆಳ್ಳಂದೂರು ಕೆರೆಯನ್ನು ಹೂಳೆತ್ತಲು ಖಾಲಿ ಮಾಡಿದ್ದರು. ಆ ಕಾಲದ ಚಿತ್ರದಲ್ಲಿ ನೀರಿಲ್ಲ, ಹಾಗೆಂದು ಕೆರೆಯೇ ಹೋಯಿತು ಎಂದಲ್ಲ. ಅದಕ್ಕೇ ನೀರಿನ ಅಂಚು ಬೇರೆ, ಕೆರೆಯ ಅಂಗಳ ಬೇರೆ ಕಾಲಮ್ಮಿನಲ್ಲಿ ಇರಲಿ.

ಸಣ್ಣ ಕುಂಟೆಗಳಿಗೆ ಹಳೆಯ ಉಪಗ್ರಹ ಚಿತ್ರ ಬಳಸುವುದು ಬೇಡ. ಲ್ಯಾಂಡ್‌ಸ್ಯಾಟ್ 5 (1984ರಲ್ಲಿ ಹಾರಿದ್ದು) ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಚೌಕ. 200 ಮೀಟರ್ ಉದ್ದ, 150 ಮೀಟರ್ ಅಗಲದ ಕುಂಟೆ ಅಂದರೆ 3 ಹೆಕ್ಟೇರ್, ಸುತ್ತಳತೆ 700 ಮೀಟರ್. ಅಂಚಿನಲ್ಲಿ ಅರ್ಧ ಚುಕ್ಕಿ ತಪ್ಪಿದರೂ 700×15, ಅಂದರೆ ಹೆಚ್ಚುಕಡಿಮೆ 1 ಹೆಕ್ಟೇರ್ ಏರುಪೇರು: ಮೂರರಲ್ಲಿ ಒಂದು ಪಾಲು! 2015ರಲ್ಲಿ ಶುರುವಾದ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚುಕ್ಕಿಯಲ್ಲಿ ಇದೇ ತಪ್ಪು 0.35 ಹೆಕ್ಟೇರಿಗೆ ಇಳಿಯುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಕ್ಕಳಿಂದಲೇ ಮಾಡಿಸಿ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಅಳತೆಗೆ ಒಂದು ಸಾಲು: ಚಿತ್ರದ ದಿನಾಂಕ, ಅಳೆದವರು, ಎಕರೆ, ಷರಾ. ‘ಜೊಂಡು ಇದೆ’, ‘ಮಸುಕು’ ಎಂಬ ಷರಾಗಳೇ ಮುಂದೆ ಕೈಹಿಡಿಯುವುದು. ಸರಾಸರಿಗೆ =AVERAGE, ಅಂತರಕ್ಕೆ =MAX ಕಳೆ MIN ಸಾಕು. ಎರಡು ಕಡೆ ಎಡವುತ್ತಾರೆ. ಒಂದು, ಶೀಟಿನ ಸೆಟ್ಟಿಂಗ್ ಅಮೆರಿಕದ್ದಿದ್ದರೆ 03/02/2018 ಮಾರ್ಚ್ 2 ಆಗಿಬಿಡುತ್ತದೆ; ಸೆಟ್ಟಿಂಗ್‌ನಲ್ಲಿ ಲೊಕೇಲ್ (ದೇಶ) ‘ಇಂಡಿಯಾ’ ಮಾಡಿ. ಇನ್ನೊಂದು, 2004, 2011, 2013ರಂತೆ ವರ್ಷಗಳ ನಡುವೆ ಸಮ ಅಂತರವಿಲ್ಲದಾಗ ಲೈನ್ ಚಾರ್ಟ್ ಅವನ್ನು ಸಮವಾಗಿ ಜೋಡಿಸಿ, ಏಳು ವರ್ಷದ ಇಳಿತವನ್ನೂ ಎರಡು ವರ್ಷದ ಇಳಿತವನ್ನೂ ಒಂದೇ ಅಗಲದಲ್ಲಿ ತೋರಿಸಬಹುದು. ವರ್ಷಗಳನ್ನು ಅವುಗಳ ನಿಜವಾದ ಅಂತರದಲ್ಲೇ ಇಡುವ ಸ್ಕ್ಯಾಟರ್ ಚಾರ್ಟ್ ಹಾಕಿಸಿ.