ಹೂವಿನ ಮೇಲೆ ಕುಳಿತ ಜೇನುನೊಣವನ್ನು ತೀರಾ ಹತ್ತಿರದಿಂದ ತೆಗೆದಾಗ ಕಣ್ಣು ಮಾತ್ರ ಸ್ಪಷ್ಟವಾಗಿ, ರೆಕ್ಕೆ ಮಸುಕಾಗಿ ಬರುವುದೇಕೆ?

ಲೆನ್ಸ್ ವಸ್ತುವಿಗೆ ಹತ್ತಿರವಾದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ವಲಯದ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ತೆಳುವಾಗುತ್ತ ಹೋಗುತ್ತದೆ. ನೊಣದ ಕಣ್ಣಿಗೆ ಫೋಕಸ್ ಮಾಡಿದಾಗ ರೆಕ್ಕೆಗಳು ಆ ವಲಯದ ಹೊರಗೆ ಉಳಿದುಬಿಡುತ್ತವೆ. ಇದು ಕ್ಯಾಮೆರಾದ ದೋಷವಲ್ಲ.

ಲೆನ್ಸ್ ಒಂದು ಸಲಕ್ಕೆ ಒಂದೇ ದೂರದಲ್ಲಿರುವ ಬಿಂದುಗಳ ಬೆಳಕನ್ನು ಕ್ಯಾಮೆರಾದೊಳಗೆ ಚಿತ್ರ ಮೂಡುವ ಸಂವೇದಕದ ಮೇಲೆ ಚುಕ್ಕಿಯಾಗಿ ಕೂಡಿಸಬಲ್ಲದು. ಅದಕ್ಕಿಂತ ಮುಂದೆ ಅಥವಾ ಹಿಂದೆ ಇರುವ ಬಿಂದುಗಳ ಬೆಳಕು ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ದೂರದ ಮರವನ್ನು ತೆಗೆಯುವಾಗ ಕೆಲವು ಅಡಿಗಳ ವ್ಯತ್ಯಾಸವೂ ಆ ಬಿಲ್ಲೆಯನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡುವುದಿಲ್ಲ, ಆದರೆ ಹತ್ತಿರದಲ್ಲಿ ವಸ್ತುವು ದೊಡ್ಡದಾಗಿ ಮೂಡುವಾಗ ಮಸುಕೂ ಅದರೊಂದಿಗೆ ಹಿಗ್ಗುತ್ತದೆ. ಫುಲ್ ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸಂವೇದಕವಿರುವ ಕ್ಯಾಮೆರಾದಲ್ಲಿ ಕೀಟವನ್ನು ಅದರ ನಿಜ ಗಾತ್ರದಲ್ಲೇ ಸಂವೇದಕದ ಮೇಲೆ ಮೂಡಿಸಿದರೆ, ಲೆನ್ಸಿನ ರಂಧ್ರವನ್ನು ಎಫ್/11ರಷ್ಟು ಕಿರಿದಾಗಿ ಇಟ್ಟರೂ (ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಸ್ಪಷ್ಟ ವಲಯದ ಆಳ ಸುಮಾರು 1.3 ಮಿಲಿಮೀಟರ್ ಮಾತ್ರ. ತುಡುವೆ ಜೇನಿನ ಕೆಲಸಗಾರ ನೊಣವಾದರೋ ಸುಮಾರು 1 ಸೆಂಟಿಮೀಟರ್ ಉದ್ದವಿರುತ್ತದೆ.

ಬೆಳಕು ಒಳಬರುವ ರಂಧ್ರವನ್ನು ಇನ್ನೂ ಕಿರಿದು ಮಾಡಿದರೆ ಆಳ ಹೆಚ್ಚುವುದು ನಿಜ, ಆದರೆ ಎಫ್/22ರಷ್ಟು ಕಿರಿದಾದಾಗ ಬೆಳಕು ಅಂಚಿನಲ್ಲಿ ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮೊನಚು ಕಳೆದುಕೊಳ್ಳುತ್ತದೆ. ಆದ್ದರಿಂದ ನೊಣದ ಪಕ್ಕಕ್ಕೆ ಬಂದು, ಕಣ್ಣು, ರೆಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವಂತೆ ಅದರ ದೇಹದ ಉದ್ದಕ್ಕೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯುವುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲಕಾರಿಯಾದ ಉಪಾಯ. ಅಲುಗಾಡದ ಹೂವಾದರೆ ಫೋಕಸನ್ನು ತುಸುತುಸುವೇ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸಬಹುದು. ಮಕರಂದದ ಅವಸರದಲ್ಲಿರುವ ಜೇನು ಅಷ್ಟು ಹೊತ್ತು ಕಾಯುವುದಿಲ್ಲ.