ಲಾಗ್‌ಬುಕ್‌ಗೆ ಸಹಿ ಬಿದ್ದರೆ ಕೈ ಪಳಗಿದಂತೆಯೇ?

ಪ್ರಶ್ನೆ: ನಾನು ರಾಯಚೂರಿನ ಮೆಡಿಕಲ್ ಕಾಲೇಜೊಂದರಲ್ಲಿ ಜನರಲ್ ಮೆಡಿಸಿನ್ ಸಹಾಯಕ ಪ್ರಾಧ್ಯಾಪಕಿ. ಬೋಧನೆಯ ತರಬೇತಿ ಮುಗಿಸಿದ್ದೇನೆ. ಆದರೆ ಒಪಿಡಿ ಗದ್ದಲದಲ್ಲಿ ಲಾಗ್‌ಬುಕ್‌ಗೆ, ಅಂದರೆ ವಿದ್ಯಾರ್ಥಿ ಮಾಡಿ ಕಲಿತದ್ದನ್ನು ದಾಖಲಿಸುವ ಪುಸ್ತಕಕ್ಕೆ, ಸಹಿ ಹಾಕುವುದಷ್ಟೇ ಆಗುತ್ತಿದೆ. ವಿದ್ಯಾರ್ಥಿಗಳ ಕೈ ಪಳಗಿಸುವುದು ಹೇಗೆ?

ಉತ್ತರ: ಡಾಕ್ಟ್ರೇ, ಈ ಕಷ್ಟ ನಿಮ್ಮೊಬ್ಬರದಲ್ಲ. 2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು, ಅಂದರೆ ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದಕ್ಕೆ ಒತ್ತು ಕೊಡುವ ಪಠ್ಯಕ್ರಮ. ತೋರಿಸು, ಗಮನಿಸಲಿ, ಜೊತೆಗೂಡಲಿ, ತಾನೇ ಮಾಡಲಿ ಎಂಬ ನಾಲ್ಕು ಮೆಟ್ಟಿಲೂ ಅದರಲ್ಲಿವೆ. ಆದರೆ ವಿದ್ಯಾರ್ಥಿ ತಾನೇ ಮಾಡುವ ಕೊನೆಯ ಮೆಟ್ಟಿಲಲ್ಲಿ ಅವನನ್ನು ನೋಡುವವರೇ ಇರುವುದಿಲ್ಲ. ತೊಡಕು ಇರುವುದು ಅಲ್ಲೇ.

ಆದ್ದರಿಂದ ಮೊದಲು ನೋಡಿ. ವಿದ್ಯಾರ್ಥಿ ರೋಗಿಯನ್ನು ಪರೀಕ್ಷಿಸುವುದನ್ನು ಗುರು ಕಣ್ಣಾರೆ ಗಮನಿಸುವ ಮಿನಿ-ಸಿಇಎಕ್ಸ್ ವಿಧಾನದಲ್ಲಿ ಸುಮಾರು ಹದಿನೈದು ನಿಮಿಷ ನೋಡಿ, ಆಮೇಲೆ ಮಾತಾಡುತ್ತಾರೆ. ನಿಮಗೆ ಅಷ್ಟು ಬಿಡುವಿಲ್ಲದಿದ್ದರೆ ಒಂದೇ ಕೆಲಸ ಆರಿಸಿಕೊಳ್ಳಿ. ಬಿಪಿ ನೋಡುವುದನ್ನೇ ತಗೊಳ್ಳಿ. ಮಾನ್ವಿಯಿಂದ ಬಸ್ಸಲ್ಲಿ ಬಂದ ಅಜ್ಜನನ್ನು ಕೂರಿಸಿದ ತಕ್ಷಣ, ಅಂಗಿಯ ಮೇಲೇ ಕಫ್ ಸುತ್ತಿ ಹುಡುಗ ಬಿಪಿ ನೋಡಿದ ಅಂದುಕೊಳ್ಳಿ. ‘ಇನ್ನೂ ಪ್ರಾಕ್ಟೀಸ್ ಮಾಡು’ ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ಅಜ್ಜನ ಎದುರು ಬೈದರೆ ಇನ್ನೂ ಕೆಟ್ಟದು. ಪಕ್ಕಕ್ಕೆ ಕರೆದು ‘ನಿನಗೆ ಹೇಗನಿಸ್ತು?’ ಎಂದು ಮೊದಲು ಕೇಳಿ. ಅರ್ಧ ತಪ್ಪು ಅವನೇ ಹೇಳುತ್ತಾನೆ. ನಂತರ ನೀವು: ‘ಬಟ್ಟೆಯ ಮೇಲೆ ಸುತ್ತಿದ್ದಕ್ಕೆ ರೀಡಿಂಗ್ ಜಾಸ್ತಿ ಬಂದಿರಬಹುದು. ಐದು ನಿಮಿಷ ಕೂರಲಿ, ಆಮೇಲೆ ಬರಿತೋಳಿಗೆ ಸುತ್ತಿ ನೋಡು.’ ಅವನು ಮತ್ತೆ ಮಾಡುವಾಗ ನೀವು ಅಲ್ಲೇ ಇರಬೇಕು. ಇದನ್ನು ಮಾತ್ರ ಬಿಡಬೇಡಿ.

ಆ ಹೊತ್ತು ಮಾರ್ಕ್ಸ್ ಮಾತು ಬೇಡ. ಇಂಟರ್ನಲ್ಸ್ ಭಯವಿದ್ದರೆ ವಿದ್ಯಾರ್ಥಿ ತಪ್ಪು ಮುಚ್ಚಿಡುತ್ತಾನೆ, ಅಲ್ವಾ? ಅಳೆಯುವ ದಿನ ಬೇರೆ ಇರಲಿ.

ಕೆನಡಾದ ತಜ್ಞವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜು ಕೋಚಿಂಗ್‌ನಲ್ಲಿ, ಅಂದರೆ ಹೀಗೆ ನೋಡಿ ತಿದ್ದುವುದರಲ್ಲಿ, ಎರಡು ಬಗೆ ಹೇಳುತ್ತದೆ. ಒಂದು ಈಗ ಹೇಳಿದ ಹಾಗೆ ಕೆಲಸದ ಹೊತ್ತಿನದು. ಇನ್ನೊಂದು ತಿಂಗಳುಗಟ್ಟಲೆ ಒಬ್ಬರೇ ಜೊತೆಗಿದ್ದು, ಬರೆದಿಟ್ಟ ಟಿಪ್ಪಣಿಗಳನ್ನು ವಿದ್ಯಾರ್ಥಿಯೊಂದಿಗೆ ಕೂತು ನೋಡುವುದು. ನಮ್ಮಲ್ಲಿ ಯೂನಿಟ್ ಬದಲಾದ ಕೂಡಲೇ ಗುರುವೂ ಬದಲಾಗುತ್ತಾರೆ. ಹಾಗಾಗಿ ಎರಡನೆಯದೇ ಹೆಚ್ಚು ಬೇಕಾಗಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಐದಾರು ವಿದ್ಯಾರ್ಥಿಗಳನ್ನು ವರ್ಷವಿಡೀ ನಿಮಗೇ ಕೊಡುವಂತೆ ವಿಭಾಗದ ಮುಖ್ಯಸ್ಥರನ್ನು ಕೇಳಿ.

ಇನ್ನು ನಿಮ್ಮ ಕಲಿಕೆ. ಎರಡು-ಮೂರು ದಿನದ ಕಾರ್ಯಾಗಾರದಿಂದ ಇದು ಬರುವುದಿಲ್ಲ. ನೀವು ವಿದ್ಯಾರ್ಥಿಯ ಜೊತೆ ಮಾತಾಡುವಾಗ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ನಿಂತು ಗಮನಿಸಲಿ. ಎಷ್ಟು ಹೊತ್ತು ನೀವೇ ಮಾತಾಡಿದಿರಿ, ಮುಂದೆ ಏನು ಮಾಡಬೇಕೆಂದು ಹುಡುಗನಿಗೆ ಸ್ಪಷ್ಟವಾಯಿತೇ ಎಂದು ಅವರು ಹೇಳಲಿ. ಮುಂದಿನ ವಾರ ಅವರ ಸರದಿ, ನೀವು ಗಮನಿಸಿ.