ಗೊರೂರಿನ ಬಂಡೆಗೆ ಎರಡು ವಯಸ್ಸು ಯಾಕೆ?

ಹಾಸನದ ಗೊರೂರು ಕಡೆಯ ಗ್ನೈಸ್ (ಪಟ್ಟೆಪಟ್ಟೆಯ ಹಳೇ ಬಂಡೆ) 300 ಕೋಟಿ ವರ್ಷಕ್ಕೂ ಹಳೆಯದು, ನಿಮ್ಮ ಕೈಯಲ್ಲಿರುವ ವರದಿಯ ಅಪಟೈಟ್ ಫಿಷನ್ ಟ್ರ್ಯಾಕ್ ಲೆಕ್ಕದಲ್ಲಿ, ಅಂದರೆ ಬಂಡೆಯೊಳಗಿನ ಅಪಟೈಟ್ ಅನ್ನುವ ಖನಿಜದ ಗೀರು ಎಣಿಸುವ ಲೆಕ್ಕದಲ್ಲಿ, ಮಾತ್ರ ತೀರಾ ಕಡಿಮೆ ಬರುತ್ತೆ, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ಎರಡನ್ನೂ ನಂಬಿ ಸರ್. ಮೊದಲನೆಯದು ಬಂಡೆ ಹುಟ್ಟಿದ ಕಾಲ, ಎರಡನೆಯದು ಅದು ತಣ್ಣಗಾದ ಕಾಲ.

ಅಪಟೈಟ್ ಹರಳಿನಲ್ಲಿರುವ ಯುರೇನಿಯಂ-238ರ ಪರಮಾಣು ತಾನಾಗಿ ಸೀಳಿದಾಗ ಹರಳಿನೊಳಗೆ ಸುಮಾರು 16 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಉದ್ದದ ಗೀರು ಬೀಳುತ್ತೆ. ಉಳಿದ ಗೀರುಗಳನ್ನು ಎಣಿಸಿ ವಯಸ್ಸು ಲೆಕ್ಕ ಹಾಕ್ತಾರೆ. ಲಕ್ಷಾಂತರ ವರ್ಷ 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿದ್ದರೆ ಗೀರು ಕುಗ್ಗುತ್ತೆ. ಅದಕ್ಕೂ ಮೇಲೆ ಹೋದರೆ ಸ್ಲೇಟು ಒರೆಸಿದ ಹಾಗೆ.

ಹಾಗಾಗಿ ವರದಿಯಲ್ಲಿ ಬರೀ ವಯಸ್ಸು ಕೊಟ್ಟಿದ್ದರೆ ನಾನಂತೂ ಅರ್ಧ ಮಾತ್ರ ಒಪ್ಪುತ್ತೇನೆ. ಗೀರುಗಳ ಉದ್ದದ ಹಂಚಿಕೆ ಕೇಳಿ. ಹೆಚ್ಚಿನವು 14 ಮೈಕ್ರಾನ್ ಆಸುಪಾಸಿನಲ್ಲೇ ಒತ್ತಾಗಿದ್ದರೆ ಬಂಡೆ ಬೇಗ ತಣ್ಣಗಾಗಿದೆ. ಗಿಡ್ಡ, ಉದ್ದ ಎಲ್ಲ ಬೆರೆತಿದ್ದರೆ ಅದು ಆ ಬಿಸಿಯಲ್ಲಿ ಬಹಳ ಕಾಲ ಕೂತಿತ್ತು, ಇಲ್ಲವೇ ಮತ್ತೆ ಕಾದಿತ್ತು. ಆಗ ಬಂದ ವಯಸ್ಸು ಯಾವುದೇ ಒಂದು ಘಟನೆಯದ್ದಲ್ಲ. ಕ್ಲೋರಿನ್ ಜಾಸ್ತಿ ಇರುವ ಅಪಟೈಟ್‌ನಲ್ಲಿ ಗೀರು ಸುಲಭಕ್ಕೆ ಅಳಿಯಲ್ಲ, ಆದ್ದರಿಂದ ಹರಳಿನ ರಸಾಯನವನ್ನೂ ಅಳೆದಿರಬೇಕು. ಗೀರು ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ಹರಳನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿಡುವ ಹೊತ್ತು ಕೆಲವು ಸೆಕೆಂಡು ಆಚೀಚೆ ಆದರೂ ಅಳತೆ ಬದಲಾಗುತ್ತೆ. ಎಣಿಸುವ ಕಣ್ಣಿಗೂ ವ್ಯತ್ಯಾಸ ಇದ್ದೇ ಇದೆ. ಅದಕ್ಕೇ ಮೆಕ್ಸಿಕೋದ ಡುರಾಂಗೊ ಅಪಟೈಟ್‌ನಂಥ ವಯಸ್ಸು ಗೊತ್ತಿರುವ ಹರಳನ್ನು ಜೊತೆಗಿಟ್ಟು ತಾಳೆ ನೋಡ್ತಾರೆ.

ನನಗೆ ನಿಜವಾದ ಅನುಮಾನ ಇರೋದು ತಾಪಮಾನವನ್ನು ಆಳಕ್ಕೆ ತಿರುಗಿಸುವಾಗ. ನೆಲದ ಮೇಲೆ ಸುಮಾರು 25 ಡಿಗ್ರಿ ಇದ್ದು, ಕೆಳಗೆ ಹೋದಂತೆ ಕಿಲೋಮೀಟರಿಗೆ 25 ಡಿಗ್ರಿ ಏರುತ್ತೆ ಅಂದುಕೊಂಡರೆ, ಗೀರು ಉಳಿಯತೊಡಗುವ 110 ಡಿಗ್ರಿ ಸಿಗೋದು ಸುಮಾರು ಮೂರೂವರೆ ಕಿಲೋಮೀಟರ್ ಕೆಳಗೆ. 15 ಅಂದರೆ ಆರರ ಹತ್ತಿರ. ನಮ್ಮ ಹಳೇ ನೆಲ ತಣ್ಣನೆಯದು, ಅಂದರೆ ಬಿಸಿ ನಿಧಾನಕ್ಕೆ ಏರುತ್ತೆ, ಹಾಗಾಗಿ ಪಶ್ಚಿಮ ಘಟ್ಟ ಎಷ್ಟು ಸವೆದಿದೆ ಅನ್ನುವ ಉತ್ತರವೇ ಇದರಿಂದ ಬದಲಾಗುತ್ತೆ. ನಿಮ್ಮ ವರದಿಯಲ್ಲಿ ಯಾವ ದರ ಹಿಡಿದಿದ್ದಾರೆ, ನೋಡಿ ಹೇಳ್ತೀರಾ?